ಸ್ವಂತ ಹೆಸರಿನಲ್ಲಿ ಸಣ್ಣ ಉದ್ದಿಮೆ: ಯಾವ ಕಾಗದ, ಯಾವಾಗ?

ಚಿಕ್ಕದೊಂದು ಅಂಗಡಿ ಇಡಬೇಕು, ಮನೆಯಲ್ಲೇ ಚಟ್ನಿಪುಡಿ ಮಾಡಿ ಮಾರಬೇಕು, ಬ್ಲೌಸ್ ಹೊಲಿಯುವ ಕೆಲಸ ಶುರು ಮಾಡಬೇಕು ಎಂದುಕೊಂಡವರೆಲ್ಲ ಮೊದಲು ಕೇಳುವುದು ಒಂದೇ ಮಾತು: "ಇದನ್ನ ಎಲ್ಲಿ ರಿಜಿಸ್ಟರ್ ಮಾಡಿಸಬೇಕು?" ಒಬ್ಬರೇ ಮಾಲೀಕರಾಗಿ ನಡೆಸುವ ಉದ್ದಿಮೆಗೆ ಹಾಗೆ ನೋಂದಣಿ ಮಾಡಿಕೊಡುವ ಕಚೇರಿಯೇ ಇಲ್ಲ. ಕಂಪನಿಗೆ ಕಂಪನಿ ರಿಜಿಸ್ಟ್ರಾರ್ ಇದ್ದಾರೆ, ಪಾಲುದಾರಿಕೆ ಸಂಸ್ಥೆಗೂ ಒಬ್ಬ ರಿಜಿಸ್ಟ್ರಾರ್ ಇದ್ದಾರೆ. ಪ್ರೊಪ್ರೈಟರ್‌ಶಿಪ್ ಮಾತ್ರ ನೀವು ವ್ಯಾಪಾರ ಶುರು ಮಾಡಿದ ದಿನ ತಾನಾಗಿ ಹುಟ್ಟುತ್ತದೆ. ನಿಮ್ಮ ಪ್ಯಾನ್ ನಂಬರೇ ಅದರ ಪ್ಯಾನ್. ಬೋರ್ಡಿನ ಮೇಲೆ ಯಾವ ಹೆಸರೇ ಇರಲಿ, ಕಾನೂನಿನ ಕಣ್ಣಿಗೆ ಅಂಗಡಿ ಬೇರೆ, ನೀವು ಬೇರೆ ಅಲ್ಲ.

ಹಾಗೆಂದು ಕಾಗದವೇ ಬೇಡ ಎಂದಲ್ಲ. ಏನು ಮಾರುತ್ತೀರಿ, ಎಲ್ಲಿ ಕೂತು ಮಾರುತ್ತೀರಿ, ಯಾವ ಊರಿಗೆ ಮಾರುತ್ತೀರಿ, ವರ್ಷಕ್ಕೆ ಎಷ್ಟು ಮಾರುತ್ತೀರಿ ಎಂಬುದನ್ನು ನೋಡಿಕೊಂಡು ಬೇರೆ ಬೇರೆ ಇಲಾಖೆಗಳು ಬೇರೆ ಬೇರೆ ಕಾಗದ ಕೇಳುತ್ತವೆ. ಈ ನಾಲ್ಕು ಪ್ರಶ್ನೆಗೆ ಒಂದು ಹಾಳೆಯಲ್ಲಿ ಉತ್ತರ ಬರೆದುಕೊಂಡ ಮೇಲೆ ಏಜೆಂಟರ ಬಳಿ ಹೋಗುವುದು ಒಳ್ಳೆಯದು. "ಎಲ್ಲಾ ಸೇರಿ ಇಷ್ಟು" ಎನ್ನುವ ಪ್ಯಾಕೇಜಿನಲ್ಲಿ ನಿಮಗೆ ಬೇಡದ್ದು ಎರಡು ಸೇರಿ, ಬೇಕಾದದ್ದೇ ಒಂದು ಬಿಟ್ಟುಹೋಗುವುದು ತೀರಾ ಸಾಮಾನ್ಯ.

ಮಾತಿಗೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಧಾರವಾಡದ ಗೃಹಿಣಿಯೊಬ್ಬರು ಮನೆಯಲ್ಲಿ ಹಪ್ಪಳ, ಶೇಂಗಾ ಚಟ್ನಿಪುಡಿ ಮಾಡಿ ಅಕ್ಕಪಕ್ಕದವರಿಗೆ ಕೊಡುತ್ತಿದ್ದಾರೆ. ಬೇಡಿಕೆ ಬಂದಿದೆ. ಈಗ ಒಂದು ಹೆಸರಿಟ್ಟು, ಪೊಟ್ಟಣ ಕಟ್ಟಿ, ಅಂಗಡಿಗಳಿಗೆ ಹಾಕಬೇಕು ಎಂದಿದ್ದಾರೆ.

ಮೊದಲು ಎರಡು ಕಾಗದ

ಹೆಸರು ಆಯ್ದುಕೊಳ್ಳಲು ಯಾರ ಅನುಮತಿಯೂ ಬೇಡ. ಆದರೆ ಕೊನೆಗೆ "ಲಿಮಿಟೆಡ್" ಎಂದೋ "ಪ್ರೈವೇಟ್ ಲಿಮಿಟೆಡ್" ಎಂದೋ ಸೇರಿಸುವಂತಿಲ್ಲ, ಅದು ಕಂಪನಿಗಳಿಗೆ ಮಾತ್ರ. ಬೇರೆಯವರು ಟ್ರೇಡ್‌ಮಾರ್ಕ್ ಮಾಡಿಸಿಕೊಂಡ ಹೆಸರನ್ನೂ ಮುಟ್ಟಬಾರದು. ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯ ಜಾಲತಾಣದಲ್ಲಿ ಹುಡುಕಿ ನೋಡುವುದಕ್ಕೆ ದುಡ್ಡಿಲ್ಲ. ಇಲ್ಲಿ ಹಲವರು ಮೋಸಹೋಗುವ ಸಂಗತಿ ಒಂದಿದೆ. ಜಿಎಸ್‌ಟಿ ಪ್ರಮಾಣಪತ್ರದಲ್ಲೋ ಟ್ರೇಡ್ ಲೈಸೆನ್ಸಿನಲ್ಲೋ ಹೆಸರು ಬಂದಿತೆಂದರೆ ಆ ಹೆಸರು ತಮ್ಮದಾಯಿತು ಎಂದುಕೊಳ್ಳುತ್ತಾರೆ. ಆಗುವುದಿಲ್ಲ. ಹೆಸರಿನ ಮೇಲೆ ಗಟ್ಟಿ ಹಕ್ಕು ಬೇಕಾದರೆ ಟ್ರೇಡ್‌ಮಾರ್ಕ್ ನೋಂದಣಿಯೇ ಬೇಕು. ವ್ಯಕ್ತಿಗಳಿಗೆ ಆನ್‌ಲೈನ್ ಅರ್ಜಿಯ ಶುಲ್ಕ ಒಂದು ವರ್ಗಕ್ಕೆ 4,500 ರೂಪಾಯಿ. ಸಿಕ್ಕಿದರೆ 10 ವರ್ಷ ನಡೆಯುತ್ತದೆ, ಆಮೇಲೆ ನವೀಕರಿಸಬಹುದು. ಚಟ್ನಿಪುಡಿಯಂಥ, ಹೆಸರಿನ ಮೇಲೆಯೇ ನಿಲ್ಲುವ ವ್ಯಾಪಾರಕ್ಕೆ ಇದು ದುಬಾರಿ ಅಲ್ಲ. ಬೀದಿಯ ಮೂಲೆಯ ಕಿರಾಣಿ ಅಂಗಡಿಗೆ ಇದರ ಅವಸರವೂ ಇಲ್ಲ.

ಆ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆಯಲು ಹೋದಾಗಲೇ ಕಾಗದದ ಅಗತ್ಯ ನಿಜವಾಗಿ ಗೊತ್ತಾಗುವುದು. ರಿಸರ್ವ್ ಬ್ಯಾಂಕಿನ ಕೆವೈಸಿ ನಿಯಮದ ಪ್ರಕಾರ ಪ್ರೊಪ್ರೈಟರ್ ಸಂಸ್ಥೆಯ ಖಾತೆಗೆ ಮಾಲೀಕರ ಗುರುತಿನ ದಾಖಲೆಯ ಜೊತೆಗೆ, ವ್ಯಾಪಾರದ ಹೆಸರಿನಲ್ಲಿರುವ ಎರಡು ದಾಖಲೆ ಬೇಕು. ಉದ್ಯಮ್ ಪ್ರಮಾಣಪತ್ರ, ಅಂಗಡಿ ಕಾಯ್ದೆಯ ನೋಂದಣಿ, ಸ್ಥಳೀಯ ಸಂಸ್ಥೆಯ ಲೈಸೆನ್ಸ್, ಜಿಎಸ್‌ಟಿ ಪ್ರಮಾಣಪತ್ರ, ವ್ಯಾಪಾರದ ಹೆಸರಿನ ವಿದ್ಯುತ್ ಬಿಲ್ ಇವೆಲ್ಲ ಆ ಪಟ್ಟಿಯಲ್ಲಿವೆ. ಎರಡು ಒದಗಿಸಲು ಆಗುವುದೇ ಇಲ್ಲ ಎಂದು ಮನವರಿಕೆಯಾದರೆ ಒಂದೇ ದಾಖಲೆಯ ಮೇಲೂ ಬ್ಯಾಂಕ್ ಖಾತೆ ತೆರೆಯಬಹುದು. ಆಗ ಅವರು ಸ್ಥಳಕ್ಕೆ ಬಂದು ನೋಡಿಕೊಳ್ಳುತ್ತಾರೆ. ಕರೆಂಟ್ ಅಕೌಂಟ್ ಬೇಕೆಂದರೆ ಜಿಎಸ್‌ಟಿ ಮಾಡಿಸಲೇಬೇಕು ಎಂದು ಯಾರಾದರೂ ಹೇಳಿದರೆ ಈ ಪಟ್ಟಿಯನ್ನು ನೆನಪಿಸಿ. ಬೇರೆ ಎರಡು ಕಾಗದವೂ ಸಾಕು.

ಮೊದಲ ಕಾಗದವಾಗಿ ಉದ್ಯಮ್, ಅಂದರೆ ಸಣ್ಣ ಉದ್ದಿಮೆಗಳಿಗಾಗಿ ಕೇಂದ್ರ ಸರ್ಕಾರ ಮಾಡಿರುವ ನೋಂದಣಿ, ಮಾಡಿಸಿಕೊಳ್ಳುವುದೇ ಸುಲಭ. 2020ರ ಜುಲೈ 1ರಿಂದ ನಡೆಯುತ್ತಿರುವ ಈ ವ್ಯವಸ್ಥೆಯಲ್ಲಿ ಆಧಾರ್ ಮತ್ತು ಪ್ಯಾನ್ ಇದ್ದರೆ ಸಾಕು, ಕಾಗದ ಅಪ್‌ಲೋಡ್ ಮಾಡುವುದೂ ಇಲ್ಲ. ನೀವೇ ಘೋಷಿಸಿದ ವಿವರದ ಮೇಲೆ ನಂಬರ್ ಬರುತ್ತದೆ. ಒಂದು ಪೈಸೆ ಶುಲ್ಕವಿಲ್ಲ, ನವೀಕರಣವೂ ಇಲ್ಲ. ಇದನ್ನು ಒತ್ತಿ ಹೇಳಲು ಕಾರಣವಿದೆ. ಗೂಗಲ್‌ನಲ್ಲಿ ಹುಡುಕಿದರೆ ಸರ್ಕಾರಿ ತಾಣದಂತೆಯೇ ಕಾಣುವ ಖಾಸಗಿ ಪುಟಗಳು ಮೇಲೆ ಬರುತ್ತವೆ, ಸಾವಿರ-ಎರಡು ಸಾವಿರ ಕಟ್ಟಿಸಿಕೊಳ್ಳುತ್ತವೆ. ವಿಳಾಸದ ಕೊನೆಯಲ್ಲಿ "ಗವ್ ಡಾಟ್ ಇನ್" ಇದೆಯೇ ನೋಡಿ, ಇಲ್ಲದಿದ್ದರೆ ಅಲ್ಲಿಂದ ಹೊರಗೆ ಬನ್ನಿ.

2025ರ ಏಪ್ರಿಲ್ 1ರಿಂದ ಯಂತ್ರೋಪಕರಣದ ಮೇಲಿನ ಹೂಡಿಕೆ ಎರಡೂವರೆ ಕೋಟಿ, ವಹಿವಾಟು 10 ಕೋಟಿ ದಾಟದ ಉದ್ದಿಮೆಗಳೆಲ್ಲ "ಅತಿ ಸಣ್ಣ" ವರ್ಗಕ್ಕೆ ಬರುತ್ತವೆ. ಅಂದರೆ ಈ ಲೇಖನ ಓದುತ್ತಿರುವ ಬಹುತೇಕ ಎಲ್ಲರೂ. ಉದ್ಯಮ್ ನಂಬರಿನ ದೊಡ್ಡ ಬಲ ಬಾಕಿ ವಸೂಲಿಯಲ್ಲಿದೆ. ಧಾರವಾಡದ ಆ ಗೃಹಿಣಿ ಸೂಪರ್ ಮಾರ್ಕೆಟ್ ಒಂದಕ್ಕೆ ಮಾಲು ಹಾಕಿದರೆ, 2006ರ ಎಂಎಸ್‌ಎಂಇ ಕಾಯ್ದೆಯಂತೆ ಮಾರ್ಕೆಟಿನವರು ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನದೊಳಗೆ, ಒಪ್ಪಂದವಿದ್ದರೂ ಗರಿಷ್ಠ 45 ದಿನದೊಳಗೆ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆನ್‌ಲೈನಿನಲ್ಲಿ ದೂರು ಕೊಡಬಹುದು. ಈ ರಕ್ಷಣೆ ತಯಾರಕರಿಗೆ ಮತ್ತು ಸೇವೆ ಕೊಡುವವರಿಗೆ. ಬರೀ ತಂದು ಮಾರುವ ಸಗಟು, ಚಿಲ್ಲರೆ ವ್ಯಾಪಾರಿಗಳಿಗೆ ಉದ್ಯಮ್ ನಂಬರ್ ಸಿಗುತ್ತದೆ, ಆದರೆ ಬ್ಯಾಂಕಿನ ಆದ್ಯತಾ ವಲಯದ ಸಾಲಕ್ಕಷ್ಟೇ ಅದರ ಪ್ರಯೋಜನ.

ಜಾಗಕ್ಕೆ ಸಂಬಂಧಿಸಿದ್ದು

ಟ್ರೇಡ್ ಲೈಸೆನ್ಸ್ ಕೊಡುವುದು ನಿಮ್ಮ ಊರಿನ ಸ್ಥಳೀಯ ಸಂಸ್ಥೆ: ಮಹಾನಗರ ಪಾಲಿಕೆ, ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿ, ಹಳ್ಳಿಯಾದರೆ ಗ್ರಾಮ ಪಂಚಾಯಿತಿ. ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರಿನಿಂದ ಬಿಬಿಎಂಪಿಯ ಜಾಗದಲ್ಲಿ ಐದು ಪಾಲಿಕೆಗಳು ಬಂದಿವೆ, ಹಾಗಾಗಿ ನಿಮ್ಮ ಅಂಗಡಿ ಯಾವ ಪಾಲಿಕೆಗೆ ಸೇರುತ್ತದೆ ಎಂದು ಮೊದಲು ನೋಡಿಕೊಳ್ಳಬೇಕು. ಕಟ್ಟಡದ ತೆರಿಗೆ ರಸೀದಿ, ಬಾಡಿಗೆ ಕರಾರು, ಕಟ್ಟಡದ ಮಾಲೀಕರ ಒಪ್ಪಿಗೆ ಪತ್ರ ಸಾಮಾನ್ಯವಾಗಿ ಕೇಳುತ್ತಾರೆ. ಅಡ್ವಾನ್ಸ್ ಕೊಡುವ ಮೊದಲೇ ಮಾಲೀಕರಿಂದ ಈ ಒಪ್ಪಿಗೆ ಬರೆಸಿಕೊಳ್ಳಿ. ಅಡ್ವಾನ್ಸ್ ಕೈಗೆ ಬಂದ ಮೇಲೆ "ತೆರಿಗೆ ರಸೀದಿ ಈಗ ಸಿಕ್ತಿಲ್ಲ" ಎನ್ನುವವರು ಬಹಳ. ಲೈಸೆನ್ಸ್ ಆರ್ಥಿಕ ವರ್ಷದ ಲೆಕ್ಕದಲ್ಲಿ ನಡೆಯುತ್ತದೆ. ನವೀಕರಣದ ಕೊನೆಯ ದಿನವನ್ನು ಮೊದಲೇ ಕೇಳಿಕೊಂಡು ಅದರೊಳಗೆ ನವೀಕರಿಸಿಕೊಂಡರೆ ದಂಡ ತಪ್ಪುತ್ತದೆ.

ಅಂಗಡಿಯೋ ಕಚೇರಿಯೋ ತೆರೆದ 30 ದಿನದೊಳಗೆ ಕಾರ್ಮಿಕ ಇಲಾಖೆಯಲ್ಲೂ ನೋಂದಣಿ ಆಗಬೇಕು. ಇದು 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಕೆಲಸ. "ಇ-ಕಾರ್ಮಿಕ" ತಾಣದಲ್ಲಿ ಆಗುತ್ತದೆ, ಐದು ವರ್ಷ ನಡೆಯುತ್ತದೆ, ಶುಲ್ಕ ಕೆಲಸಗಾರರ ಸಂಖ್ಯೆಗೆ ತಕ್ಕಂತೆ. ಬ್ಯಾಂಕ್ ಕೇಳುವ ಎರಡನೇ ಕಾಗದಕ್ಕೂ ಇದೇ ಅನುಕೂಲ. ಬೋರ್ಡ್ ಬರೆಸುವಾಗ ಶೇ 60ರಷ್ಟು ಕನ್ನಡ ಇರಬೇಕು, ಕನ್ನಡ ಮೇಲ್ಭಾಗದಲ್ಲಿ ಇರಬೇಕು ಎಂಬುದು 2024ರ ತಿದ್ದುಪಡಿಯ ನಂತರ ಕಾನೂನೇ ಆಗಿದೆ. ಪೇಂಟರಿಗೆ ಮೊದಲೇ ಹೇಳಿಬಿಡಿ.

ಮನೆಯಲ್ಲೇ ಉದ್ದಿಮೆ ನಡೆಸುವವರು ವಿದ್ಯುತ್ತಿನ ಕಡೆ ಗಮನ ಕೊಡಬೇಕು. ಗೃಹಜ್ಯೋತಿಯ ಉಚಿತ ವಿದ್ಯುತ್ ಮನೆ ಬಳಕೆಗೆ ಮಾತ್ರ. ದೊಡ್ಡ ಗ್ರೈಂಡರ್, ಪ್ಯಾಕಿಂಗ್ ಯಂತ್ರ ಅದೇ ಮೀಟರಿನ ಮೇಲೆ ಓಡಿಸಿದರೆ ವಿಚಕ್ಷಣಾ ದಳದವರು ಬಂದಾಗ ದಂಡ ತೆರಬೇಕಾಗುತ್ತದೆ. ಕೆಲಸ ಬೆಳೆಯುತ್ತಿದೆ ಎನಿಸಿದಾಗಲೇ ಬೇರೆ ಸಂಪರ್ಕಕ್ಕೆ ಅರ್ಜಿ ಹಾಕುವುದು ಲೇಸು.

ಪೊಟ್ಟಣದ ಮೇಲೆ ಏನಿರಬೇಕು

ತಿನ್ನುವ ವಸ್ತು ಯಾವುದೇ ಇರಲಿ, ಮನೆಯಲ್ಲಿ ಮಾಡಿದ್ದೇ ಇರಲಿ, ಮಾರುವ ಮುನ್ನ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್ ಬೇಕೇ ಬೇಕು. 2011ರ ನಿಯಮಾವಳಿ ವರ್ಷಕ್ಕೆ 12 ಲಕ್ಷ ರೂಪಾಯಿವರೆಗಿನ ವಹಿವಾಟಿಗೆ ಸರಳ ನೋಂದಣಿ ಸಾಕೆಂದು ಇಟ್ಟಿತು, ಶುಲ್ಕ ವರ್ಷಕ್ಕೆ 100 ರೂಪಾಯಿ. ಅದಕ್ಕೂ ಮೇಲಿನವರಿಗೆ ಲೈಸೆನ್ಸ್. ಅರ್ಜಿ ಹಾಕುವ ದಿನ "ಫೋಸ್ಕಾಸ್" ತಾಣದಲ್ಲಿ ಆಗಿನ ಮಿತಿ ಮತ್ತು ಶುಲ್ಕ ನೋಡಿಕೊಳ್ಳಿ. ಸಿಗುವ 14 ಅಂಕಿಯ ನಂಬರ್ ಪೊಟ್ಟಣದ ಮೇಲೂ ಬಿಲ್ಲಿನ ಮೇಲೂ ಇರಬೇಕು.

ಶೇಂಗಾ ಚಟ್ನಿಪುಡಿಯ ಒಂದು ಪೊಟ್ಟಣವನ್ನೇ ಕೈಯಲ್ಲಿ ಹಿಡಿದು ನೋಡೋಣ. ಪದಾರ್ಥದ ಹೆಸರು, ಅದರೊಳಗೆ ಏನೇನಿದೆ ಎಂಬ ಪಟ್ಟಿ. ಪಟ್ಟಿಯಲ್ಲಿ ಹೆಚ್ಚು ಹಾಕಿದ್ದು ಮೊದಲು, ಕಡಿಮೆ ಹಾಕಿದ್ದು ಕೊನೆಗೆ. ಸಸ್ಯಾಹಾರದ ಹಸಿರು ಗುರುತು. ತಯಾರಿಸಿದ ದಿನಾಂಕ, ಯಾವ ದಿನಾಂಕದೊಳಗೆ ಬಳಸಬೇಕು ಎಂಬುದು, ಬ್ಯಾಚ್ ನಂಬರ್. ನಿವ್ವಳ ತೂಕ. ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ. ತಯಾರಕರ ಹೆಸರು, ಪೂರ್ತಿ ವಿಳಾಸ, ಗ್ರಾಹಕರು ದೂರು ಹೇಳಲು ಒಂದು ಫೋನ್ ನಂಬರ್. ಇಷ್ಟು ಬಹುತೇಕರಿಗೆ ಗೊತ್ತು. ಗೊತ್ತಿಲ್ಲದ್ದು: ಶೇಂಗಾ ಅಲರ್ಜಿ ತರಬಲ್ಲ ಪದಾರ್ಥಗಳ ಪಟ್ಟಿಯಲ್ಲಿದೆ, ಆದ್ದರಿಂದ "ಇದರಲ್ಲಿ ಶೇಂಗಾ ಇದೆ" ಎಂದು ಬೇರೆಯಾಗಿ ಮುದ್ರಿಸಲೇಬೇಕು. ಹೆಸರಿನಲ್ಲೇ ಶೇಂಗಾ ಇದೆಯಲ್ಲ ಎಂದು ಬಿಡುವಂತಿಲ್ಲ. ಕಡಲೆಕಾಯಿ ಸೇರಿದರೆ ಜೀವಕ್ಕೇ ಅಪಾಯವಾಗುವ ಮಕ್ಕಳಿದ್ದಾರೆ. ನಿಯಮ ಇರುವುದು ಅವರಿಗಾಗಿ.

ಇನ್ನೊಂದು ಮಾತು ಕನ್ನಡಿಗರಿಗೆ ಕಹಿ ಎನಿಸಬಹುದು. ಈ ಕಡ್ಡಾಯ ವಿವರಗಳು ಇಂಗ್ಲಿಷಿನಲ್ಲೋ ದೇವನಾಗರಿ ಲಿಪಿಯ ಹಿಂದಿಯಲ್ಲೋ ಇರಬೇಕು ಎಂದು ಕೇಂದ್ರದ ನಿಯಮ ಹೇಳುತ್ತದೆ. ಕನ್ನಡವನ್ನು ಅದರ ಜೊತೆಗೆ ಸೇರಿಸಬಹುದು, ಬರೀ ಕನ್ನಡದಲ್ಲಿ ಬಿಡುವಂತಿಲ್ಲ. ಧಾರವಾಡದಲ್ಲಿ ಮಾಡಿ ಧಾರವಾಡದಲ್ಲೇ ಮಾರುವ ಪೊಟ್ಟಣಕ್ಕೂ ಇದೇ ನಿಯಮ. ಇದು ಬದಲಾಗಬೇಕು ಎಂದೇ ನನ್ನ ಅಭಿಪ್ರಾಯ. ಬದಲಾಗುವವರೆಗೆ ಎರಡೂ ಭಾಷೆಯಲ್ಲಿ ಮುದ್ರಿಸಿ, ಕೊಳ್ಳುವ ಅಜ್ಜಿಗೂ ಓದಲು ಬರಲಿ.

ಮೊದಲೇ ತೂಕ ಮಾಡಿ ಪೊಟ್ಟಣ ಕಟ್ಟುವವರು ಕಾನೂನು ಮಾಪನಶಾಸ್ತ್ರ ಇಲಾಖೆಯಲ್ಲಿ ಪ್ಯಾಕರ್ ಎಂದು 90 ದಿನದೊಳಗೆ ನೋಂದಾಯಿಸಿಕೊಳ್ಳಬೇಕು. ತಕ್ಕಡಿಗೆ ಇಲಾಖೆಯ ಮುದ್ರೆ ಬೇಕು. ಎಲೆಕ್ಟ್ರಾನಿಕ್ ತಕ್ಕಡಿಯಾದರೆ ಪ್ರತಿ ವರ್ಷ ಮುದ್ರೆ ಹಾಕಿಸಬೇಕು. ಆನ್‌ಲೈನಿನಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುವ ಅಡುಗೆಮನೆಯ ತಕ್ಕಡಿಗೆ ಈ ಮುದ್ರೆ ಸಿಗುವುದಿಲ್ಲ, ಅದನ್ನು ಮಾರಾಟಕ್ಕೆ ಬಳಸಬೇಡಿ.

ಜಿಎಸ್‌ಟಿ: ಅವಸರವೂ ಬೇಡ, ಅಸಡ್ಡೆಯೂ ಬೇಡ

2025ರ ಜುಲೈನಲ್ಲಿ ಏನಾಯಿತು ಎಂಬುದು ಎಲ್ಲರಿಗೂ ನೆನಪಿದೆ. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೂಲಕ ಬಂದ ಹಣದ ಲೆಕ್ಕ ತೆಗೆದು ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿ, ತರಕಾರಿ ಅಂಗಡಿಗಳಿಗೆ ಹಿಂದಿನ ವರ್ಷಗಳ ತೆರಿಗೆ ಕೇಳಿ ನೋಟಿಸ್ ಕಳಿಸಿತು. ಬೆಂಗಳೂರಿನ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಕಿತ್ತು "ನಗದು ಮಾತ್ರ" ಎಂಬ ಚೀಟಿ ಅಂಟಿಸಿದರು. ಮುಖ್ಯಮಂತ್ರಿಗಳು ವರ್ತಕರನ್ನು ಕರೆಸಿ ಮಾತಾಡಬೇಕಾಯಿತು. ಆ ಗಲಾಟೆಯಲ್ಲಿ ಬಯಲಿಗೆ ಬಂದ ನಿಜ ಸಮಸ್ಯೆ ಯುಪಿಐ ಅಲ್ಲ. ಒಂದೇ ಉಳಿತಾಯ ಖಾತೆಗೆ ವ್ಯಾಪಾರದ ಹಣ, ಕೈಸಾಲ, ನೆಂಟರು ಕಳಿಸಿದ್ದು, ಚೀಟಿ ಹಣ ಎಲ್ಲ ಬಂದು ಬಿದ್ದಿತ್ತು. ಯಾವುದು ಮಾರಾಟ, ಯಾವುದು ಅಲ್ಲ ಎಂದು ತೋರಿಸಲು ಪುಸ್ತಕವಿರಲಿಲ್ಲ. ನಗದಿಗೆ ಮರಳಿದರೆ ಇದು ಬಗೆಹರಿಯುವುದಿಲ್ಲ. ನಗದಿನ ಮಾರಾಟವೂ ವಹಿವಾಟೇ.

ಜಿಎಸ್‌ಟಿ ನೋಂದಣಿ ಕಡ್ಡಾಯವಾಗುವ ವಹಿವಾಟಿನ ಮಿತಿ ಹೀಗಿದೆ. ಬರೀ ಸರಕು ಮಾರುವವರಿಗೆ ಕರ್ನಾಟಕದಲ್ಲಿ ಆರ್ಥಿಕ ವರ್ಷಕ್ಕೆ 40 ಲಕ್ಷ ರೂಪಾಯಿ. ಸೇವೆ ಕೊಡುವವರಿಗೆ 20 ಲಕ್ಷ. ಬ್ಯೂಟಿ ಪಾರ್ಲರ್, ರಿಪೇರಿ ಕೆಲಸ, ಟ್ಯೂಷನ್ ಎಲ್ಲ ಸೇವೆಯೇ, ಹೋಟೆಲ್ ಕೂಡ ಸೇವೆ. ಸರಕಿನ ಜೊತೆ ಸೇವೆಯೂ ಸೇರಿದರೆ 20 ಲಕ್ಷದ ಮಿತಿ. ಐಸ್‌ಕ್ರೀಂ, ಪಾನ್ ಮಸಾಲ, ತಂಬಾಕು ತಯಾರಕರಿಗೂ 40 ಲಕ್ಷದ ಅನುಕೂಲ ಇಲ್ಲ. ಇದು ಲಾಭದ ಲೆಕ್ಕವಲ್ಲ, ಒಟ್ಟು ಮಾರಾಟದ ಲೆಕ್ಕ. ಮತ್ತು ಪ್ಯಾನ್ ಒಂದೇ ಆದ್ದರಿಂದ ನಿಮ್ಮ ಹೆಸರಿನಲ್ಲಿ ಎರಡು ಅಂಗಡಿ, ಎರಡು ಬೋರ್ಡ್ ಇದ್ದರೂ ಎರಡರ ವಹಿವಾಟನ್ನೂ ಕೂಡಿಸಿಯೇ ನೋಡುತ್ತಾರೆ.

ಧಾರವಾಡಕ್ಕೆ ಮರಳೋಣ. ಹಪ್ಪಳಕ್ಕೆ ಜಿಎಸ್‌ಟಿ ಇಲ್ಲ. ಆಕೆ ಬರೀ ಹಪ್ಪಳ ಮಾರುತ್ತಿದ್ದರೆ ವಹಿವಾಟು ಎಷ್ಟೇ ಆಗಲಿ ನೋಂದಣಿಯ ಅಗತ್ಯವೇ ಬರುವುದಿಲ್ಲ. ಚಟ್ನಿಪುಡಿಗೆ ಶೇ 5 ತೆರಿಗೆ ಇದೆ. ಈಗ ವರ್ಷಕ್ಕೆ 35 ಲಕ್ಷದ ಹಪ್ಪಳ, 6 ಲಕ್ಷದ ಚಟ್ನಿಪುಡಿ ಮಾರಿದರು ಎಂದುಕೊಳ್ಳಿ. ತೆರಿಗೆ ಬೀಳುವುದು 6 ಲಕ್ಷದ ಮೇಲೆ ಮಾತ್ರ, ಆದರೆ ಮಿತಿ ದಾಟಿತೇ ಎಂದು ನೋಡುವಾಗ ವಿನಾಯಿತಿಯ ಹಪ್ಪಳವೂ ಲೆಕ್ಕಕ್ಕೆ ಬರುತ್ತದೆ. ಒಟ್ಟು 41 ಲಕ್ಷ. ದಾಟಿದ 30 ದಿನದೊಳಗೆ ನೋಂದಣಿ ಮಾಡಿಸಬೇಕು. ಇದೇ ಲೆಕ್ಕದಲ್ಲಿ ಎಡವಿ ಬಡ್ಡಿ, ದಂಡ ಕಟ್ಟಿದವರು ಅನೇಕರು.

ಮಿತಿ ದಾಟದಿದ್ದರೂ ನೋಂದಣಿ ಬೇಕಾಗುವ ಸಂದರ್ಭ ಒಂದಿದೆ: ತೆರಿಗೆ ಇರುವ ಸರಕನ್ನು ಹೊರ ರಾಜ್ಯಕ್ಕೆ ಮಾರುವುದು. ಬೆಳಗಾವಿಯವರು ಕೊಲ್ಲಾಪುರಕ್ಕೆ, ಬಳ್ಳಾರಿಯವರು ಗುಂತಕಲ್ಲಿಗೆ ಮೊದಲ ಮಾಲು ಕಳಿಸುವ ಮೊದಲೇ ನಂಬರ್ ಇರಬೇಕು. ಸೇವೆಗೆ ಈ ಕಟ್ಟು ಇಲ್ಲ. ಮೈಸೂರಿನಲ್ಲಿ ಕೂತು ಮುಂಬಯಿಯವರಿಗೆ ಡಿಸೈನ್ ಮಾಡಿಕೊಡುವವರು 20 ಲಕ್ಷದವರೆಗೆ ನಿಶ್ಚಿಂತೆಯಿಂದ ಇರಬಹುದು. ಆನ್‌ಲೈನ್ ಮಾರುಕಟ್ಟೆ ತಾಣಗಳಲ್ಲಿ ಸರಕು ಮಾರುವ ಸಣ್ಣವರಿಗೂ 2023ರ ಅಕ್ಟೋಬರಿನಿಂದ ಸಡಿಲಿಕೆ ಸಿಕ್ಕಿದೆ. ರಾಜ್ಯದ ಒಳಗಷ್ಟೇ ಮಾರಿ, ಮಿತಿ ದಾಟದೇ ಇದ್ದರೆ ನೋಂದಣಿಯ ಬದಲು ಒಂದು ದಾಖಲಾತಿ ಸಂಖ್ಯೆ ಸಾಕು.

ನೋಂದಣಿ ಆದ ಮೇಲೆ ಎರಡು ದಾರಿ: ಸಾಮಾನ್ಯ ಪದ್ಧತಿ, ಇಲ್ಲವೇ ರಾಜಿ ತೆರಿಗೆ (ಕಾಂಪೊಸಿಷನ್) ಪದ್ಧತಿ. ನೇರವಾಗಿ ಬಳಕೆದಾರರಿಗೇ ಮಾರುವ ಅಂಗಡಿಗೆ ರಾಜಿ ತೆರಿಗೆ ಪದ್ಧತಿ ಹಗುರ. ವಹಿವಾಟು ಒಂದೂವರೆ ಕೋಟಿ ದಾಟದಿದ್ದರೆ ತಯಾರಕರಿಗೂ ವರ್ತಕರಿಗೂ ಶೇ 1, ಹೋಟೆಲಿಗೆ ಶೇ 5. ಮೂರು ತಿಂಗಳಿಗೊಮ್ಮೆ ತೆರಿಗೆ, ವರ್ಷಕ್ಕೊಂದು ರಿಟರ್ನ್. ಆದರೆ ಗಿರಾಕಿಯಿಂದ ತೆರಿಗೆ ವಸೂಲು ಮಾಡುವಂತಿಲ್ಲ, ಕೊಂಡ ಮಾಲಿನ ಮೇಲೆ ಕೊಟ್ಟ ತೆರಿಗೆ ವಾಪಸು ಬರುವುದಿಲ್ಲ, ಹೊರ ರಾಜ್ಯಕ್ಕೆ ಮಾರುವಂತಿಲ್ಲ. ನಿಮ್ಮಿಂದ ಕೊಳ್ಳುವವರು ಜಿಎಸ್‌ಟಿ ಬಿಲ್ ಕೇಳುವ ದೊಡ್ಡ ಅಂಗಡಿಗಳಾದರೆ ಈ ದಾರಿ ಹಿಡಿಯಬೇಡಿ, ಅವರು ನಿಮ್ಮ ಮಾಲು ತೆಗೆದುಕೊಳ್ಳಲು ಹಿಂದೇಟು ಹಾಕುತ್ತಾರೆ.

ಮಿತಿಯ ಒಳಗಿರುವ ಟೈಲರಿಗೋ ಕಿರಾಣಿಯವರಿಗೋ ಮೊದಲ ದಿನವೇ ಜಿಎಸ್‌ಟಿ ಮಾಡಿಸುವುದು ನನಗೆ ಸರಿಕಾಣುವುದಿಲ್ಲ. ಅದು ಒಮ್ಮೆ ಬಂದರೆ ಮಾರಾಟವೇ ಇಲ್ಲದ ತಿಂಗಳಿಗೂ ರಿಟರ್ನ್ ಹಾಕಬೇಕು, ಮರೆತರೆ ದಿನದ ಲೆಕ್ಕದಲ್ಲಿ ವಿಳಂಬ ಶುಲ್ಕ ಬೆಳೆಯುತ್ತದೆ. ಅದರ ಬದಲು ಮೊದಲ ದಿನದಿಂದ ದಿನದ ಮಾರಾಟ ಬರೆಯುವ ಒಂದು ಪುಸ್ತಕ, ವ್ಯಾಪಾರಕ್ಕೇ ಒಂದು ಖಾತೆ, ಆ ಖಾತೆಗೆ ಜೋಡಿಸಿದ ಕ್ಯೂಆರ್ ಕೋಡ್ ಇಟ್ಟುಕೊಳ್ಳಿ. ವಹಿವಾಟು ನಿಮಗೆ ಅನ್ವಯಿಸುವ ಮಿತಿಯ ಮುಕ್ಕಾಲು ಭಾಗ ಮುಟ್ಟಿತೆಂದರೆ ಲೆಕ್ಕಿಗರನ್ನು ಕಂಡು ಮಾತಾಡಿ.

ಆದಾಯ ತೆರಿಗೆ, ವೃತ್ತಿ ತೆರಿಗೆ, ಕೆಲಸದವರು

ಉದ್ದಿಮೆಯ ಲಾಭ ನಿಮ್ಮ ಸ್ವಂತ ಆದಾಯವೇ, ಬೇರೆ ರಿಟರ್ನ್ ಇಲ್ಲ. ಸಣ್ಣ ವ್ಯಾಪಾರಿಗಳಿಗೆ ಅಂದಾಜು ಆದಾಯದ ಪದ್ಧತಿ ಇದೆ. ವಹಿವಾಟು 2 ಕೋಟಿವರೆಗೆ, ನಗದು ರೂಪದಲ್ಲಿ ಬಂದದ್ದು ಶೇ 5 ಮೀರದಿದ್ದರೆ 3 ಕೋಟಿವರೆಗೆ, ನಗದು ಮಾರಾಟದ ಶೇ 8, ಬ್ಯಾಂಕ್ ಮತ್ತು ಯುಪಿಐ ಮೂಲಕ ಬಂದದ್ದರ ಶೇ 6 ಲಾಭವೆಂದು ತೋರಿಸಿದರೆ ಖರ್ಚಿನ ಲೆಕ್ಕ ಕೇಳುವುದಿಲ್ಲ. ಯುಪಿಐಗೆ ಹೆದರುವವರು ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ವೃತ್ತಿ ತೆರಿಗೆಗೆ ಸಂವಿಧಾನವೇ ವರ್ಷಕ್ಕೆ 2,500 ರೂಪಾಯಿಯ ಮೇಲ್ಮಿತಿ ಹಾಕಿದೆ. ಅದಕ್ಕಿಂತ ಹೆಚ್ಚು ಯಾರು ಕೇಳಿದರೂ ಕೊಡಬೇಡಿ.

ಒಬ್ಬರನ್ನು ಕೆಲಸಕ್ಕೆ ಇಟ್ಟುಕೊಂಡರೂ ಕನಿಷ್ಠ ವೇತನ, ವಾರದ ರಜೆ ಕೊಡಬೇಕು. 14 ವರ್ಷದೊಳಗಿನ ಮಕ್ಕಳನ್ನು ಇಟ್ಟುಕೊಳ್ಳುವಂತಿಲ್ಲ. 10 ಜನ ಆದರೆ ಇಎಸ್‌ಐ, 20 ಆದರೆ ಪಿಎಫ್.

ಸಾಲ ಮತ್ತು ಮುಂದಿನದು

ಆರಂಭದಲ್ಲಿ ಹೇಳಿದ ಮಾತಿನ ಭಾರ ಇಲ್ಲಿ ತಿಳಿಯುತ್ತದೆ. ನೀವು ಮತ್ತು ಅಂಗಡಿ ಬೇರೆ ಅಲ್ಲದ್ದರಿಂದ ಅಂಗಡಿಯ ಸಾಲ ನಿಮ್ಮ ಸಾಲ. ವ್ಯಾಪಾರ ಮುಳುಗಿದರೆ ಸಾಲ ಕೊಟ್ಟವರು ನಿಮ್ಮ ಹೆಸರಿನ ಮನೆ, ನಿವೇಶನದವರೆಗೂ ಬರಬಹುದು. ಕಂಪನಿಗಿರುವ ಗೋಡೆ ನಿಮಗಿಲ್ಲ. ಹಾಗಾಗಿ ಅಡಮಾನವಿಲ್ಲದ ಮುದ್ರಾ ಸಾಲವನ್ನು ಮೊದಲು ಕೇಳಿ. ಶಿಶು ವರ್ಗದಲ್ಲಿ 50 ಸಾವಿರ, ಕಿಶೋರದಲ್ಲಿ 5 ಲಕ್ಷ, ತರುಣದಲ್ಲಿ 10 ಲಕ್ಷದವರೆಗೆ ಸಿಗುತ್ತದೆ. ಬಾಕಿಗಾಗಿ ಕೋರ್ಟಿಗೆ ಹೋಗುವ ಸಂದರ್ಭ ಬಂದರೆ ದಾವೆ ಹೂಡಬೇಕಾದವರು ನೀವು, ಅಂಗಡಿಯ ಹೆಸರಲ್ಲ. ಕರಾರು ಪತ್ರಗಳಲ್ಲಿ ಮೊದಲಿನಿಂದಲೇ ನಿಮ್ಮ ಹೆಸರು ಬರೆದು, "ಮಾಲೀಕರು" ಎಂದು ಸೇರಿಸಿ, ಆಮೇಲೆ ಅಂಗಡಿಯ ಹೆಸರು ಹಾಕುವುದನ್ನು ರೂಢಿ ಮಾಡಿಕೊಳ್ಳಿ.

ಮಾಲೀಕರು ತೀರಿಕೊಂಡರೆ ಪ್ರೊಪ್ರೈಟರ್‌ಶಿಪ್ ಅಲ್ಲಿಗೇ ಮುಗಿಯುತ್ತದೆ. ಮಗನೋ ಮಗಳೋ ಮರುದಿನದಿಂದ ಅದೇ ಜಿಎಸ್‌ಟಿ ನಂಬರಿನಲ್ಲಿ ಬಿಲ್ ಹಾಕುವಂತಿಲ್ಲ. ತಮ್ಮ ಪ್ಯಾನ್ ಮೇಲೆ ಹೊಸ ನೋಂದಣಿ ಮಾಡಿಸಿ, ಹಳೆಯದರಲ್ಲಿ ಉಳಿದ ತೆರಿಗೆ ಜಮೆಯನ್ನು ಐಟಿಸಿ-02 ಅರ್ಜಿಯ ಮೂಲಕ ವರ್ಗಾಯಿಸಿಕೊಂಡು, ಆಮೇಲೆ ಹಳೆಯದನ್ನು ರದ್ದು ಮಾಡಿಸಬೇಕು. ಹಳೆಯ ಖಾತೆಗೆ ಪ್ರವೇಶಿಸಲು ವಾರಸುದಾರರು ತೆರಿಗೆ ಅಧಿಕಾರಿಗೆ ಅರ್ಜಿ ಕೊಟ್ಟು ತಮ್ಮನ್ನು ಅಧಿಕೃತ ಸಹಿದಾರರಾಗಿ ಸೇರಿಸಿಕೊಳ್ಳಬೇಕು. ಎಫ್‌ಎಸ್‌ಎಸ್‌ಎಐ ನೋಂದಣಿಯನ್ನು ಅರ್ಜಿ ಕೊಟ್ಟು ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಬಹುದು. ಪ್ರೊಪ್ರೈಟರ್ ಖಾತೆಗೆ ನಾಮಿನಿ ಹಾಕಲು ಬ್ಯಾಂಕಿನಲ್ಲಿ ಅವಕಾಶವಿದೆ. ಕರೆಂಟ್ ಅಕೌಂಟ್ ತೆರೆಯುವ ದಿನ ಆ ಫಾರಂ ಕೇಳಿ ಪಡೆದು ತುಂಬಿ, ಯಾವ ತಾಣಕ್ಕೆ ಯಾವ ಮೊಬೈಲ್ ನಂಬರ್ ಕೊಟ್ಟಿದ್ದೀರಿ ಎಂದು ಮನೆಯಲ್ಲಿ ಒಬ್ಬರಿಗಾದರೂ ಬರೆದು ಕೊಡಿ.